ಕಪಿಲೆ ಕಲ್ಲಿನ ಗೋಡೆ

ಆಗೆಲ್ಲ ಪರೀಕ್ಷೆ ಮುಗಿದ ಸಂಜೆಯೇ ನನ್ನ ಬಟ್ಟೆಯ ಚೀಲ ಬಾಗಿಲ ಬಳಿ ಬಂದು ಕೂತಿರುತ್ತಿತ್ತು. ಪೆರಿಯಕುಳದಲ್ಲಿ ಅಪ್ಪನಿಗೆ ಅದು ಮಾವಿನ ಕಾಲ, ತೋಪು ಬಿಟ್ಟು ಕದಲುವಂತಿರಲಿಲ್ಲ. ಅಮ್ಮನೂ ನಾನೂ ಒಂದು ಬುಟ್ಟಿ ಹಣ್ಣು ಹೊತ್ತು ತೇನಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಹನುಮಂತನಪಟ್ಟಿಯ ಅಜ್ಜಿಯ ಮನೆ ಸೇರುತ್ತಿದ್ದೆವು. ಬಸ್ಸಿನ ತುಂಬ ಮಾವಿನ ವಾಸನೆ. ಇಳಿಯುವ ಹೊತ್ತಿಗೆ ಕಂಡಕ್ಟರನಿಂದ ಹಿಡಿದು ಹಿಂದಿನ ಸೀಟಿನ ಮುದುಕನವರೆಗೆ ಎಲ್ಲರೂ ಅಮ್ಮನಿಗೆ ನೆಂಟರಾಗಿರುತ್ತಿದ್ದರು, ಬುಟ್ಟಿಯೂ ಅಷ್ಟಿಷ್ಟು ಹಗುರಾಗಿರುತ್ತಿತ್ತು.

ಅಜ್ಜಿಯ ಮನೆಯಲ್ಲಿ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುತ್ತಿದ್ದುದು ದ್ರಾಕ್ಷಿಯ ಹುಳಿ ವಾಸನೆ ಮತ್ತು ಮೈಲುತುತ್ತಿನ ಘಾಟು. ಬಳ್ಳಿಗೆ ಮದ್ದು ಹೊಡೆದು ಬಂದ ಮಾಮನ ಅಂಗೈ ನೀಲಿಯಾಗಿರುತ್ತಿತ್ತು. ಆ ಕೈಯಿಂದಲೇ ನನ್ನ ಕೆನ್ನೆ ಹಿಂಡಲು ಬರುತ್ತಿದ್ದರು, ಅಜ್ಜಿ ಬೈದು ತೊಟ್ಟಿಯ ಹತ್ತಿರ ಅಟ್ಟುತ್ತಿದ್ದಳು. ರಾಸು ಮಾಮ ಅಮ್ಮನ ತಮ್ಮ. ಅಮ್ಮನ ಅಣ್ಣ ದೊಡ್ಡ ಮಾಮ, ಅವರ ಮಗ ಕಣ್ಣನ್ ನನಗಿಂತ ಒಂದು ಗೇಣು ಎತ್ತರ, ನನಗಿಂತ ಎರಡು ಗೇಣು ಜಂಬ. ಮನೆಯೊಳಗೆ ಎಲ್ಲರದೂ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕರ್ನಾಟಕದ ಮುಖ ಕಾಣದೆ ತಲೆತಲಾಂತರ ಕಳೆದ ನಮ್ಮ ಕನ್ನಡ ಕೇಳಿ ನಿಮಗೆ ನಗು ಬಂದರೆ ನಕ್ಕುಬಿಡಿ, ನಮಗೆ ಅಭ್ಯಾಸವಾಗಿದೆ.

ಇಷ್ಟೆಲ್ಲ ಹೇಳಿದೆನಾದರೂ ನಾನು ಆ ಊರಿಗೆ ಓಡುತ್ತಿದ್ದುದು ದ್ರಾಕ್ಷಿಗೂ ಅಲ್ಲ, ಅಜ್ಜಿಗೂ ಅಲ್ಲ. ಬಾವಿಗೆ.

ಬಾವಿ ಎಂದರೆ ಕೊಡಪಾನ ಇಳಿಬಿಡುವ ಮನೆಬಾವಿಯಲ್ಲ. ಹೊಲದ ನಡುವಿನ ದೊಡ್ಡ ಬಾವಿ, ನಾಲ್ಕೂ ಕಡೆ ಕರಿಕಲ್ಲಿನ ಗೋಡೆ. ಒಂದು ಕಡೆ ಗೋಡೆಯಿಂದ ಹೊರಚಾಚಿದ ಕಲ್ಲಿನ ಮೆಟ್ಟಿಲು. ಅದರ ಎದುರಿನ ಗೋಡೆಗೆ ಮೆಟ್ಟಿಲಿಲ್ಲ, ನೆಟ್ಟಗೆ ನಿಂತ ಗೋಡೆ. ಅದರ ನೆತ್ತಿಯ ಮೇಲೆ ಬಾವಿಯೊಳಕ್ಕೆ ಬಾಗಿ ಇಣುಕುವ ಹಾಗೆ ಒಂದು ಚಪ್ಪಡಿ ಚಾಚಿಕೊಂಡಿತ್ತು. ತಾತನ ಕಾಲದಲ್ಲಿ ಅಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುತ್ತಿದ್ದರಂತೆ. ನಮ್ಮ ಕಾಲಕ್ಕೆ ಎತ್ತೂ ಇಲ್ಲ, ರಾಟೆಯೂ ಇಲ್ಲ, ಆ ಚಪ್ಪಡಿ ಮಾತ್ರ ಇತ್ತು. ಅದೇ ಕಪಿಲೆ ಕಲ್ಲು.

ಆಟ ಏನೆಂದರೆ, ನೀರಿನಿಂದ ಎದ್ದು ಆ ಗೋಡೆ ಹತ್ತಿ ಕಪಿಲೆ ಕಲ್ಲಿನ ಮೇಲೆ ನಿಲ್ಲಬೇಕು. ಪಕ್ಕದಲ್ಲೇ ಮೋಟರಿನ ಕಬ್ಬಿಣದ ಪೈಪು ಇಳಿದಿತ್ತು, ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಆಟ ಕೆಟ್ಟಿತು. ಕೈ ಜಾರಿದರೆ ಚಿಂತೆಯಿಲ್ಲ, ಕೆಳಗೆ ನೀರು. ಬಿದ್ದವರು ಮೂಗೊಳಗೆ ನೀರೇರಿಸಿಕೊಂಡು ಎದ್ದು, ಮತ್ತೆ ಮೊದಲಿನಿಂದ ಹತ್ತಬೇಕು.

ಗೋಡೆಯ ಒಂದೊಂದು ಕಲ್ಲಿಗೂ ನಾವು ಹೆಸರಿಟ್ಟಿದ್ದೆವು. ನೀರಿಗೆ ಅಂಟಿದ ಹಾಗಿದ್ದ ಗುಂಡನೆಯದು ಇಡ್ಲಿಕಲ್ಲು. ಅದರ ಮೇಲೆ ಬೆರಳು ತೂರುವಷ್ಟೇ ಸಂದಿರುವುದು ಬೊಕ್ಕುಬಾಯಿ. ಆಮೇಲೆ ಪಕ್ಕಕ್ಕೆ, ಕಾಲಿಗೆ ಮಾತ್ರ ಆಗುವ ಒಂದು ಚೂಪು ಕಲ್ಲು, ಅದಕ್ಕೆ ನಮ್ಮ ಲೆಕ್ಕದ ಮೇಷ್ಟರ ಹೆಸರು, ಇಲ್ಲಿ ಬೇಡ. ಕಟ್ಟಕಡೆಯದು ಆನೆಸೊಂಡಿಲು. ಅದು ಒಂದೇ ಕೈಗೆ ಜಾಗವಿರುವ ಉದ್ದನೆಯ ಕಲ್ಲು. ಅಲ್ಲಿಂದ ಕೈ ಚಾಚಿದರೆ ಕಪಿಲೆ ಕಲ್ಲು.

ಚಾಚಿದರೆ, ಅಷ್ಟೆ. ಯಾರಿಗೂ ಸಿಕ್ಕಿರಲಿಲ್ಲ. ಆನೆಸೊಂಡಿಲಿನವರೆಗೆ ಕಣ್ಣನ್ ಹೋಗುತ್ತಿದ್ದ, ನಾನೂ ಹೋಗುತ್ತಿದ್ದೆ. ಹೋದ ಮೇಲೆ ಎಡಗೈ ಕಲ್ಲಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು, ಕಪಿಲೆ ಕಲ್ಲಿನ ಅಂಚು ಮಾತ್ರ ಎಡಗಡೆಗೇ. ಬಲಗೈಯನ್ನು ಎದೆಯ ಮುಂದಿನಿಂದ ಅಡ್ಡ ಹಾಯಿಸಿ ಹಿಡಿಯಲು ಹೋದರೆ ಮೈ ತಿರುಚಿಕೊಂಡು ಬಾಗಿಲಿನ ಹಾಗೆ ತೆರೆದುಕೊಳ್ಳುತ್ತಿತ್ತು. ಆಮೇಲೆ ಬೆನ್ನು ಅಡಿಯಾಗಿ ದೊಪ್ಪನೆ ನೀರಿಗೆ. ಬೆನ್ನು ಚುರುಗುಟ್ಟುವುದು ಕಡಿಮೆಯಾಗುವ ಮೊದಲೇ ಕಣ್ಣನ್ ಶುರುಮಾಡುತ್ತಿದ್ದ.

"ಪೆರಿಯಕುಳಂ, ನಿಂಗೆ ಮಾಂಗಾಯಿ ಮರಾನೇ ಸರಿ. ಓಗಿ ಅದ್ನ ಅತ್ತು."

"ನೀ ಅತ್ತಿ ತೋರ್ಸು."

"ನಾ ಇಲ್ಲೇ ಇರೋನು. ಯಾವಾಗ್ ಬೇಕಾರೂ ಅತ್ತೀನಿ."

ಆ ಮಾತು ನಿಜವಾಗಿತ್ತು, ಅದಕ್ಕೇ ನನ್ನ ಹೊಟ್ಟೆ ಉರಿಯುತ್ತಿತ್ತು. ಅವನಿಗೆ ಆ ಬಾವಿ ವರ್ಷವಿಡೀ ಇತ್ತು. ನನಗೆ ಬೇಸಿಗೆಯಲ್ಲಿ ಮಾತ್ರ. ಅದರ ಮೇಲೆ, ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷ ಬಸ್ಸಿಳಿದು ಬಂದವಳನ್ನು ಅಜ್ಜಿ ತಲೆಯಿಂದ ಕಾಲಿನವರೆಗೆ ನೋಡಿ, ನನ್ನ ಭುಜವನ್ನು ತನ್ನ ಭುಜಕ್ಕೆ ಹಚ್ಚಿ ಅಳೆದು, ಅಮ್ಮನಿಗೆ ಹೇಳಿಬಿಟ್ಟಳು.

"ಈ ಲೀವೇ ಕಡೆ. ಬರೋ ವರ್ಸ ಪಾಪ ಬಾವಿಗೆ ಇಳಿಯೋದ್ ಬ್ಯಾಡ. ಬೆಳ್ದ ಎಣ್ಣು."

ಪಾಪ ಎಂದರೆ ನಾನೇ, ಮನೆಯ ಹುಡುಗಿಯನ್ನು ನಮ್ಮವರು ಕರೆಯುವುದು ಹಾಗೆ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಮಾವಿನ ಬುಟ್ಟಿಯ ಹುಲ್ಲು ತೆಗೆಯುತ್ತಿದ್ದಳು. ನಮ್ಮಲ್ಲಿ ಅದು ಹೊಸ ಮಾತೇನಲ್ಲ. ಹುಡುಗಿ ದೊಡ್ಡವಳಾದಳೆಂದರೆ ಬಾವಿ ನಿಂತಿತು. ನಮ್ಮ ಮನೆಯ ಹೆಂಗಸರೆಲ್ಲ ಮೀನಿನ ಹಾಗೆ ಈಜಬಲ್ಲವರು, ಒಬ್ಬರೂ ಈಜುತ್ತಿರಲಿಲ್ಲ. ಆ ವರ್ಷ ನನಗೆ ಕಪಿಲೆ ಕಲ್ಲು ಸಿಗದಿದ್ದರೆ ಮತ್ತೆಂದೂ ಸಿಗುವುದಿಲ್ಲ ಎಂದು ನನಗೆ ಅಂದೇ ಗೊತ್ತಾಯಿತು. ರಾತ್ರಿ ಊಟಕ್ಕೆ ಕೂತಾಗ ಅನ್ನ ಮುಟ್ಟಲಿಲ್ಲ. ಸಿಟ್ಟಿನಲ್ಲಿ ಎರಡು ಮಾವಿನಹಣ್ಣು ತಿಂದೆ.

ಮರುದಿನದಿಂದ ಬೇರೆ ಕೆಲಸವೇ ಇಲ್ಲ. ಬೆಳಿಗ್ಗೆ ಎದ್ದು ಒಂದು ಲೋಟ ಕರುಪಟ್ಟಿಯ, ಅಂದರೆ ತಾಳೆಬೆಲ್ಲದ, ಕಾಫಿ ಕುಡಿದು, ಕಣ್ಣನ ಹಳೇ ನಿಕ್ಕರನ್ನು ಸೊಂಟಕ್ಕೆ ಹುರಿ ಹಾಕಿ ಬಿಗಿದು, ಹೊಲದ ದಾರಿ ಹಿಡಿಯುತ್ತಿದ್ದೆ. ಚಪ್ಪರದ ಕೆಳಗೆ ಬಗ್ಗಿ ಹೋಗುವಾಗ ತಲೆಗೆ ತಗಲುವ ಗೊಂಚಲಿನಿಂದ ಒಂದೆರಡು ಹಣ್ಣು ಕಿತ್ತು ಬಾಯಿಗೆ ಹಾಕಿದರೆ ಅದೇ ತಿಂಡಿ. ಮಧ್ಯಾಹ್ನದ ಹೊತ್ತಿಗೆ ಬೆರಳಿನ ತುದಿಯ ಚರ್ಮವೆಲ್ಲ ಸವೆದು ಕೆಂಪಗಾಗುತ್ತಿತ್ತು. ಸಂಜೆ ರಸದಲ್ಲಿ ಅನ್ನ ಕಲಸುವಾಗ ಅದು ಉರಿಯುವುದನ್ನು ಯಾರಿಗೂ ತೋರಿಸದೆ ತಿನ್ನಬೇಕು. ತೋರಿಸಿದರೆ ಅಜ್ಜಿ ಕಡೆಯ ಲೀವನ್ನೂ ಕಡಿದುಹಾಕುತ್ತಿದ್ದಳು.

ಅಮ್ಮನಿಂದ ಮಾತ್ರ ಮುಚ್ಚಿಡಲಾಗಲಿಲ್ಲ. ಒಂದು ಸಂಜೆ ಜಗಲಿಯ ಮೇಲೆ ತಲೆ ಬಾಚುವಾಗ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು.

"ಯಾವ ಕಲ್ಲು ಇಂಗ್ ಕೊಯ್ದದ್ದು?"

"ಬೊಕ್ಕುಬಾಯಿ."

"ಅದೆಲ್ಲೈತೆ?"

ಹೇಳಿದೆ. ಇಡ್ಲಿಕಲ್ಲಿನ ಮೇಲೆ, ಸ್ವಲ್ಪ ಬಲಕ್ಕೆ. ಅಮ್ಮ ಬಾಚಣಿಗೆಯನ್ನು ನನ್ನ ತಲೆಯಲ್ಲೇ ನಿಲ್ಲಿಸಿದಳು.

"ನಾವು ಅದ್ನ ಉಂಡಿಯಲ್ ಅಂತಿದ್ವಿ. ಕಾಸಾಕೋ ಸಂದಿ ಇದ್ದಂಗಿತ್ತಲ್ಲ, ಅದ್ಕೆ."

ನಾನು ತಿರುಗಿ ಕೂತೆ. ಅಮ್ಮ ಆ ಗೋಡೆ ಹತ್ತಿದ್ದಾಳೆ ಎಂಬುದು ನನ್ನ ಎಣಿಕೆಯಲ್ಲೇ ಇರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವಾಗಲೂ ಸೆರಗು ಸರಿಮಾಡಿಕೊಳ್ಳಲು ನಿಲ್ಲುವ ಅಮ್ಮ.

"ಕಪಿಲೆ ಕಲ್ಲು ಸಿಕ್ತಾ ನಿಂಗೆ?"

"ಬೆರಳ್ಗೆ ಸಿಕ್ತು. ಕೈಗೆ ಸಿಕ್ಲಿಲ್ಲ."

"ಅಪ್ಪರಂ?" ಆಮೇಲೇನಾಯಿತು ಎಂದು ಕೇಳಿದೆ.

"ಅಪ್ಪರಂ ಏನು. ದೊಡ್ಡೋಳಾದೆ." ಅಮ್ಮ ನನ್ನ ತಲೆಯನ್ನು ಮತ್ತೆ ಮುಂದಕ್ಕೆ ತಿರುಗಿಸಿ ಜಡೆ ಎಳೆದು ಕಟ್ಟಿದಳು. ಅಷ್ಟು ಬಿಗಿಯಾದ ಜಡೆ ನನಗೆ ಯಾವತ್ತೂ ಹಾಕಿರಲಿಲ್ಲ.

ಈಗ ಬಾವಿಯ ಕಟ್ಟಳೆ ಹೇಳಬೇಕು. ಅದು ನಮ್ಮೊಬ್ಬರದಲ್ಲ, ಪಂಗಾಳಿಗಳದು, ಅಂದರೆ ದಾಯಾದಿಗಳ ಪಾಲಿನ ಬಾವಿ. ಒಬ್ಬೊಬ್ಬರಿಗೆ ಒಂದೊಂದು ದಿನ ನೀರಿನ ಮೊರೆ, ಎಂದರೆ ಸರದಿ. ಮೊರೆ ಇದ್ದವರು ಕರೆಂಟು ಬಂದ ಕೂಡಲೇ ಮೋಟರು ಹಾಕಿ, ಕತ್ತಲಾಗಿ ಕರೆಂಟು ಹೋಗುವತನಕ ಹರಿಸಿಕೊಳ್ಳುತ್ತಾರೆ. ರಾತ್ರಿಯೆಲ್ಲ ಒರತೆ ಕಟ್ಟಿ ಬೆಳಿಗ್ಗೆ ಬಾವಿ ಮತ್ತೆ ತುಂಬಿರುತ್ತದೆ. ಮೋಟರು ಓಡುವಾಗ ಮಕ್ಕಳು ನೀರಿಗೆ ಇಳಿಯುವಂತಿಲ್ಲ. ಇದು ಎಲ್ಲ ಮನೆಯವರೂ ಸೇರಿ ಮಾಡಿದ ಕಟ್ಟು, ಮೀರಿದರೆ ಯಾರ ಮಗುವಿಗೆ ಯಾರು ಬೇಕಾದರೂ ಹೊಡೆಯಬಹುದಿತ್ತು. ಹಾಗಾಗಿ ನಾವೆಲ್ಲ, ನಮ್ಮ ಮೊದಲಿನವರೆಲ್ಲ, ಬಾವಿ ತುಂಬಿದಾಗಲೇ ಆ ಗೋಡೆ ಹತ್ತಿದವರು. ಅದೇ ಒಳ್ಳೆಯದೆಂದೂ ತಿಳಿದಿದ್ದೆವು. ನೀರು ಮೇಲಿದ್ದಷ್ಟೂ ಗೋಡೆ ಗಿಡ್ಡ.

ರಜೆ ಮುಗಿಯುತ್ತ ಬಂದಾಗ ಒಂದು ದಿನ ನಮ್ಮ ಮೊರೆ. ಮೋಟರು ಓಡುತ್ತಿದ್ದಂತೆ ಪೈಪಿನಲ್ಲಿ ನೀರು ಸಣ್ಣಗಾಯಿತು. ಬುಡದಲ್ಲಿ ಕಸ ಕಟ್ಟಿದೆಯೆಂದು ರಾಸು ಮಾಮ ಮೋಟರು ನಿಲ್ಲಿಸಿ ಮೆಟ್ಟಿಲಿಳಿದರು. ಕಸ ಹಾಕಿಕೊಳ್ಳಲು ಬುಟ್ಟಿ ಹಿಡಿದು ನಾನೂ ಹಿಂದೆ ಹೋದೆ. ನೀರು ಅಷ್ಟು ಕೆಳಗಿಳಿದದ್ದನ್ನು ನಾನು ಒಳಗಿನಿಂದ ನೋಡಿದ್ದು ಅದೇ ಮೊದಲು. ತಂಪು, ಪಾಚಿಯ ವಾಸನೆ, ಮಾತಾಡಿದರೆ ಮಾತು ಸುತ್ತಿಕೊಂಡು ಬರುವ ಸದ್ದು. ಎದುರಿನ ಗೋಡೆ ಉದ್ದಕ್ಕೆ ಬೆಳೆದು ನಿಂತಿತ್ತು.

ಬುಟ್ಟಿ ಹಿಡಿದು ನಿಂತವಳು ಆ ಗೋಡೆಯನ್ನೇ ನೋಡಿದೆ. ದಿನವೂ ನೀರಿನಿಂದ ತಲೆಯೆತ್ತಿ ಹಿಡಿಯುತ್ತಿದ್ದ ಇಡ್ಲಿಕಲ್ಲು ಎಲ್ಲೋ ಮೇಲಿತ್ತು. ಅದರ ಕೆಳಗೆ, ನಮ್ಮ ಕಾಲಿಗೂ ಎಟುಕದ ಆಳದಲ್ಲಿ ಮುಳುಗಿರುತ್ತಿದ್ದ ಜಾಗದಲ್ಲಿ, ಅಗಲವಾದ ಒಂದು ಕಲ್ಲು ಹಲಗೆಯ ಹಾಗೆ ಹೊರಬಂದಿತ್ತು. ಎರಡು ಕಾಲೂರಿ ನಿಲ್ಲುವಷ್ಟು ಅಗಲ.

ಆಗ ಹೊಳೆಯಿತು. ಬಾವಿ ತುಂಬಿದಾಗ ಈಜುತ್ತಲೇ ಬಲಗೈ ಬೀಸಿದರೆ ಬಲಗಡೆಯ ಪೈಪಿಗೆ ತಗಲುತ್ತದೆ, ಹಾಗಾಗಿ ಇಡ್ಲಿಕಲ್ಲಿಗೆ ಎಡಗೈಯೇ ಹೋಗುವುದು. ಎಡಗೈಯಿಂದ ಶುರುವಾದರೆ ಒಂದಾದ ಮೇಲೊಂದು ಕೈ ಹಾಕುತ್ತ ಹೋಗಿ, ಆನೆಸೊಂಡಿಲಿಗೂ ಎಡಗೈಯೇ ಬರುತ್ತದೆ. ಆ ಹಲಗೆಕಲ್ಲಿನ ಮೇಲೆ ನಿಂತು, ಬೀಸದೆ ಮೆಲ್ಲಗೆ ಕೈ ಎತ್ತಿ ಹೊರಟರೆ? ಇಡ್ಲಿಕಲ್ಲಿಗೆ ಬಲಗೈ. ಬೊಕ್ಕುಬಾಯಿಗೆ ಎಡಗೈ. ಹೀಗೇ ಬೆರಳು ಮಡಿಸುತ್ತ ಹೋದೆ. ಆನೆಸೊಂಡಿಲಿಗೆ ಬಲಗೈ. ಕಪಿಲೆ ಕಲ್ಲಿನ ಕಡೆಗೆ ಎಡಗೈ ಖಾಲಿ.

ಬುಟ್ಟಿ ನೀರಿಗೆ ಬಿತ್ತು. ಮಾಮ ತಲೆಯೆತ್ತಿ, "ಯಾಕ ಪಾಪ, ಆವಾ?" ಎಂದರು. ಹಾವಲ್ಲ, ದಾರಿ ಎಂದೆ. ಅಲ್ಲೇ ನಿಂತು ಕೈ ಆಡಿಸಿ ಎಲ್ಲ ತೋರಿಸಿದೆ. ಮಾಮ ಕೊಳೆತ ಎಲೆ ಹಿಡಿದುಕೊಂಡೇ ಗೋಡೆ ನೋಡಿದರು, ತಾವೂ ಗಾಳಿಯಲ್ಲಿ ಕೈ ಹಾಕಿ ಹಾಕಿ ನೋಡಿದರು. ಆಮೇಲೆ ಬೆರಗಾಗಿ, "ಅಡ" ಎಂದು ಮಾತ್ರ ಹೇಳಿದರು. ಚಿಕ್ಕಂದಿನಲ್ಲಿ ಅವರೂ ಬೆನ್ನು ಅಡಿಯಾಗಿ ಬಿದ್ದವರೇ.

ಆವತ್ತೇ ಹತ್ತುತ್ತೇನೆಂದೆ. ಕಸ ತೆಗೆದಾಯಿತು, ಕರೆಂಟು ಇದೆ, ಮೋಟರು ಹಾಕಬೇಕು, ದ್ರಾಕ್ಷಿಗೆ ನೀರು ಸಾಲದು ಎಂದರು ಮಾಮ. ಆಮೇಲೆ ನೋಡೋಣವೆಂದರು. ಆಮೇಲೆ ಅನ್ನುವುದು ಎಲ್ಲಿತ್ತು? ನಾಳೆ ಬೆಳಿಗ್ಗೆ ಬಾವಿ ತುಂಬಿರುತ್ತದೆ. ಮಧ್ಯಾಹ್ನ ಬೇರೆಯವರ ಮೊರೆ, ಅವರ ಮೋಟರು ನಿಲ್ಲಿಸು ಎಂದು ಕೇಳುವಂತಿಲ್ಲ. ನಮ್ಮ ಮೊರೆ ಮತ್ತೆ ಬರುವಷ್ಟರಲ್ಲಿ ನಾನು ಪೆರಿಯಕುಳದ ಶಾಲೆಯಲ್ಲಿ ಕೂತಿರುತ್ತೇನೆ. ಇದನ್ನೆಲ್ಲ ಹೇಳಬೇಕೆಂದುಕೊಂಡವಳಿಗೆ ಅಳು ಬಂದುಬಿಟ್ಟಿತು. ಅಳುವುದು ನನಗೆ ಇಷ್ಟವಿರಲಿಲ್ಲ, ಕಣ್ಣನ್ ಬೇರೆ ಮೇಲೆ ಬಂದು ನಿಂತಿದ್ದ.

ಮಾಮ ಮೇಲೆ ಹೋದರು. ಮೋಟರು ಹಾಕುವ ಸದ್ದಿಗೆ ಕಾದೆ. ಬರಲಿಲ್ಲ. ಬದಲಿಗೆ ಬುತ್ತಿ ಹಿಡಿದು ಬಂದಿದ್ದ ಅಜ್ಜಿಯ ದನಿ ಕೇಳಿಸಿತು.

"ಕರೆಂಟ್ ಇರಾಗ ಮೋಟರ್ ನಿಲ್ಸಿರೋನ್ನ ಈ ಊರ್ನಾಗೆ ನಾ ಕಂಡಿಲ್ಲ ಕಣ್ಲಾ ರಾಸು. ಬಳ್ಳಿ ಒಣಗ್ತಾವೆ."

"ಕರೆಂಟು ನಾಳೆ ಬತ್ತದೆ ಅವ್ವ. ಪಾಪ ನಾಳೆ ಇರಾಕಿಲ್ಲ."

ನಾನು ಹೊರಡುವುದು ನಾಳೆಯಲ್ಲ, ಇನ್ನೂ ಒಂದೆರಡು ದಿನವಿತ್ತು. ಆದರೆ ಮಾಮ ಹೇಳಿದ್ದು ಅದಲ್ಲವೆಂದು ಅಜ್ಜಿಗೂ ಗೊತ್ತಾಗಿರಬೇಕು. ಅವಳು ಬುತ್ತಿಯನ್ನು ಕಟ್ಟೆಯ ಮೇಲೆ ಇಟ್ಟ ಸದ್ದು ಮಾತ್ರ ಬಂತು. ಅವಳ ಹಿಂದೆ ಬಂದಿದ್ದ ಅಮ್ಮ ಅಂಚಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಬಗ್ಗಿ ನೋಡಿದಳು. ಕಣ್ಣನ್ ಸರಸರ ಮೆಟ್ಟಿಲಿಳಿದು ನೀರಿಗೆ ಬಿದ್ದ. ನಾನು ಜಾರಿದರೆ ಹಿಡಿಯಲೋ, ಜಾರುವುದನ್ನು ಹತ್ತಿರದಿಂದ ನೋಡಿ ನಗಲೋ, ಇವತ್ತಿಗೂ ಹೇಳಲಾರೆ.

ನೀರು ಇಳಿದಿದ್ದರೂ ಆಳಕ್ಕೇನೂ ಕಡಿಮೆಯಿರಲಿಲ್ಲ. ಈಜಿ ಹೋಗಿ ಹಲಗೆಕಲ್ಲಿನ ಮೇಲೆ ಮೊಣಕಾಲೂರಿ ಎದ್ದೆ. ಲೋಳೆ. ಕಾಲು ಒಮ್ಮೆ ಜಾರಿ ಮೊಣಕಾಲು ತರಚಿತು. ನಿಂತುಕೊಂಡು ಮೇಲೆ ನೋಡಿದಾಗ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಕಪಿಲೆ ಕಲ್ಲು ಆಕಾಶದಲ್ಲಿತ್ತು.

ಬಲಗೈ, ಇಡ್ಲಿಕಲ್ಲು. ದಿನವೂ ಎಡಗೈಗೆ ಗೊತ್ತಿದ್ದ ಕಲ್ಲು ಬಲಗೈಗೆ ಪರಿಚಯವೇ ಇಲ್ಲದ ಹಾಗಾಡಿತು. ಬೊಕ್ಕುಬಾಯಿಗೆ ಎಡಗೈ ಬೆರಳು ತೂರಿಸಿದೆ. ಗಾಯ ಬಿರಿದು ಕಣ್ಣಲ್ಲಿ ನೀರು ಬಂತು. ಮೇಷ್ಟರ ಮೇಲೆ ಕಾಲಿಟ್ಟೆ, ಅದರಲ್ಲಿ ಮಾತ್ರ ಯಾವಾಗಲೂ ಒಂದು ಸುಖವಿತ್ತು.

ಆನೆಸೊಂಡಿಲಿಗೆ ಬಲಗೈ ಬಂತು. ಎಣಿಸಿದ ಹಾಗೆಯೇ ಬಂತು. ಎಡಗೈ ಖಾಲಿಯಾಗಿ ನನ್ನ ಪಕ್ಕದಲ್ಲಿ ತೂಗುತ್ತಿತ್ತು, ಅದರ ನೇರಕ್ಕೆ ಮೇಲೆ ಕಪಿಲೆ ಕಲ್ಲಿನ ಅಂಚು. ಇಷ್ಟು ದಿನ ಮೈ ತಿರುಚಿ ತಿರುಚಿ ಕೇಳಿದ್ದು ಈಗ ಎದುರಿಗೇ ಕೂತಿತ್ತು. ಬೆರಳು ಚಾಚಿದೆ. ಅಂಚು ಬೆರಳಿಗೆ ತಗಲಿತು. ಕೈಗೆ ಬರಲಿಲ್ಲ.

ಮೇಲಿನಿಂದ ಅಮ್ಮನ ದನಿ ಬಂತು, ಕೂಗಿದ್ದಲ್ಲ, ಜಡೆ ಹಾಕುವಾಗ ಮಾತಾಡುವಷ್ಟೇ ಮೆತ್ತಗೆ.

"ಬೆರಳ್ನಾಗ್ ಇಡೀಬ್ಯಾಡ ಪಾಪ. ಕಾಲ್ನ ಇನ್ನೊಂದೀಟು ಮ್ಯಾಲಿಡು. ಕೈ ತಾನಾಗಿ ಓಗ್ತದೆ."

ಬಲಗಾಲನ್ನು ಎಳೆದು ಬೊಕ್ಕುಬಾಯಿಯಲ್ಲಿ ಹೆಬ್ಬೆರಳು ಸಿಕ್ಕಿಸಿ ಒದ್ದೆ. ಕೈ ತಾನಾಗಿ ಹೋಯಿತು. ಅಂಗೈ ತುಂಬ ಕಲ್ಲು. ಬಿಸಿಲಿಗೆ ಕಾದ ಒಣಗಿದ ಕಲ್ಲು, ಎಷ್ಟು ಬೆಚ್ಚಗಿತ್ತೆಂದರೆ ಯಾರದೋ ಕೈ ಹಿಡಿದ ಹಾಗಾಯಿತು. ಇನ್ನೊಂದು ಕೈಯನ್ನೂ ಹಾಕಿ, ಎದೆ ಉಜ್ಜಿ, ಹೊಟ್ಟೆ ಉಜ್ಜಿ, ಕಾಲು ಗಾಳಿಯಲ್ಲಿ ಒದ್ದಾಡಿಸಿ, ಮೇಲೆ ಬಿದ್ದೆ. ಆಮೇಲೆ ಎದ್ದು ನಿಂತೆ.

ಅಂಥ ಖುಷಿಯನ್ನು ನಾನು ಆಮೇಲೆ ಕಂಡಿಲ್ಲ. ಮದುವೆಯಾಗಿದೆ, ಮಗುವಾಗಿದೆ, ಕೆಲಸ ಸಿಕ್ಕಿದೆ, ಎಲ್ಲಕ್ಕೂ ಖುಷಿಪಟ್ಟಿದ್ದೇನೆ. ಆದರೆ ಕಪಿಲೆ ಕಲ್ಲಿನ ಮೇಲೆ ಕಣ್ಣನ ನಿಕ್ಕರು ಹಾಕಿಕೊಂಡು, ಮೊಣಕಾಲಿನಿಂದ ರಕ್ತ ಸೋರಿಸಿಕೊಂಡು ನಿಂತಾಗ ಕಂಬಮ್ ಕಣಿವೆ ಇಡೀ ನನ್ನ ಕಾಲ ಕೆಳಗಿತ್ತು. ದ್ರಾಕ್ಷಿ ಚಪ್ಪರಗಳು, ಆಚೆ ಗದ್ದೆ, ಅದರಾಚೆ ನೀಲಿ ಬೆಟ್ಟ. ರಾಸು ಮಾಮ ಬಾಯಲ್ಲಿ ಬೆರಳಿಟ್ಟು ಹೊಡೆದ ವಿಷಲ್ಲಿಗೆ ಪಕ್ಕದ ಹೊಲದವರು ಯಾರೋ ಬಿದ್ದರೆಂದು ಓಡಿಬಂದರು. ಬಂದವರಿಗೆಲ್ಲ ನಾನೇ ಮೊದಲಿನಿಂದ ಹೇಳಿದೆ. ಮತ್ತೊಬ್ಬರು ಬಂದಾಗ ಮತ್ತೆ ಮೊದಲಿನಿಂದ.

ಅಮ್ಮ ನನ್ನ ಎಡಗೈಯನ್ನು ತನ್ನ ಸೆರಗಿನಲ್ಲಿ ಒರೆಸಿದಳು. ಒರೆಸಿ ಆದ ಮೇಲೂ ಬಿಡಲಿಲ್ಲ.

ಅಜ್ಜಿ ಬೈದಳು. ಮೊದಲು ಮಾಮನಿಗೆ, ಆಮೇಲೆ ಅಮ್ಮನಿಗೆ, ಕಡೆಗೆ ನನಗೆ. ಬೈಯುತ್ತಲೇ ಬುತ್ತಿ ಬಿಚ್ಚಿ ಮೊಸರನ್ನದ ಜೊತೆ ಎಲ್ಲರ ಪಾಲಿನ ಹುರಿದ ಮಜ್ಜಿಗೆ ಮೆಣಸಿನಕಾಯಿಯನ್ನೂ ನನಗೇ ಬಡಿಸಿದಳು. ಸಂಜೆ ನೀರಿಗೆ ಬಂದ ಪಂಗಾಳಿ ಹೆಂಗಸರ ಮುಂದೆ, "ನಮ್ ಪಾಪ ಅತ್ತುದ್ಳು, ಗಂಡುಡುಗ್ರು ಕೆಳ್ಗೆ ನೋಡ್ಕೊಂಡ್ ನಿಂತಿದ್ರು" ಎಂದು ಅವಳು ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅವರ ಮುಂದೆ ಮೋಟರು ನಿಂತ ಸುದ್ದಿಯನ್ನು ಮಾತ್ರ ಎತ್ತಲೇ ಇಲ್ಲ.

ನಾನು ಹೊರಡುವ ದಿನ ಕಣ್ಣನ್ ಬಸ್ ಸ್ಟಾಪಿಗೆ ಬಂದ. ಬುಟ್ಟಿಯನ್ನು ಬಸ್ಸಿನ ಮೇಲೆ ಎತ್ತಿಕೊಟ್ಟು, "ಮುಂದಿನ ಮೊರೇಗೆ ನಾನೂ ಅತ್ತೀನಿ. ನಿನ್ ದಾರೀಲೇ" ಎಂದ. ನನ್ನ ದಾರಿ ಎಂದು ಅವನ ಬಾಯಲ್ಲೇ ಬಂತು. ತೇನಿ ಬರುವವರೆಗೂ ಅದನ್ನು ಪೆಪ್ಪರಮೆಂಟಿನ ಹಾಗೆ ಚಪ್ಪರಿಸಿದೆ.

ಮುಂದಿನ ಬೇಸಿಗೆಗೆ ಅಜ್ಜಿಯ ಮಾತೇ ನಡೆಯಿತು. ನಾನು ದಾವಣಿ ಉಟ್ಟುಕೊಂಡು ಬಾವಿಯ ಕಟ್ಟೆಯ ಮೇಲೆ ಕೂತೆ, ಹುಡುಗರು ಹತ್ತುವುದನ್ನು ನೋಡಿದೆ, ತಪ್ಪು ಮಾಡಿದವರಿಗೆ ಬೈದೆ. ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಮ್ಮನ ಹಾಗೆ ಬೆರಳಿನ ತುದಿಯಲ್ಲಿ ಒಂದು ಕಲ್ಲನ್ನು ಉಳಿಸಿಕೊಂಡು ನಾನು ಮೇಲೆ ಬರಲಿಲ್ಲ.

ಈಗ ನಾವು ದಿಂಡಿಗಲ್ಲಿನಲ್ಲಿದ್ದೇವೆ. ಹೋದ ಬೇಸಿಗೆಯಲ್ಲಿ ಮಗಳನ್ನು ಹನುಮಂತನಪಟ್ಟಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ನಮ್ಮ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅವಳ ಕಟ್ಟೂ ಅವಳ ಜೊತೆಗೇ ಹೋಯಿತು. ಹುಡುಗಿ ಬೆಳೆದಳು, ನೀರಿಗೆ ಇಳಿಯಬಾರದು ಎಂದು ನಮ್ಮ ಮನೆಗಳಲ್ಲಿ ಈಗ ಯಾರೂ ಹೇಳುವುದಿಲ್ಲ.

ರಾಸು ಮಾಮ ನಮ್ಮನ್ನು ಬಾವಿಯ ಹತ್ತಿರ ಕರೆದೊಯ್ದರು. ಅವರ ತಲೆ ಪೂರ್ತಿ ಬಿಳಿಯಾಗಿದೆ. ಸುತ್ತಲ ಹೊಲಗಳಿಗೆಲ್ಲ ಈಗ ಬೋರಿನ ನೀರು, ಯಾರಿಗೂ ಮೊರೆಯಿಲ್ಲ, ಯಾರ ನೀರಿಗೂ ಯಾರೂ ಕಾಯಬೇಕಿಲ್ಲ. ಮಗಳು ಅಂಚಿನಲ್ಲಿ ಬಗ್ಗಿ, ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟ ನನಗೆ ಗೊತ್ತು. ಎಲ್ಲಿ ಕಾಲು, ಎಲ್ಲಿ ಕೈ ಎಂದು ಅವಳ ಬೆರಳು ಆಗಲೇ ಲೆಕ್ಕ ಹಾಕುತ್ತಿತ್ತು. ಹತ್ತಲಾ ಅಮ್ಮ ಎಂದು ತಮಿಳಿನಲ್ಲಿ ಕೇಳಿದಳು.

ನನ್ನ ಅಜ್ಜಿ ಬೇಡ ಎಂದಾಗ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು, ಜಗಳವಾಡಬಹುದಿತ್ತು, ಒಂದು ಬೇಸಿಗೆಯನ್ನಾದರೂ ಗೆದ್ದುಕೊಳ್ಳಬಹುದಿತ್ತು. ನಾನು ಮಗಳಿಗೆ ಬೇಡ ಎಂದೆ. ಯಾಕೆಂದು ಕೇಳಿದವಳಿಗೆ ಕೆಳಗೆ ತೋರಿಸಿದೆ. ಇಡ್ಲಿಕಲ್ಲಿನ ಕೆಳಗೆ ಹಲಗೆಕಲ್ಲು, ಅದರ ಕೆಳಗೆ ನಾವು ಯಾರೂ ಎಂದೂ ಕಂಡಿರದ, ಹೆಸರಿಡದ ಕಲ್ಲುಗಳು, ಸಾಲು ಸಾಲಾಗಿ, ತಳದ ಒಣಮಣ್ಣಿನವರೆಗೆ. ಬಿದ್ದರೆ ಹಿಡಿಯಲು ನೀರಿರಲಿಲ್ಲ.